ಕೊಸರು

ಕುಮಟೆಯ ಕಾಲೇಜು, ಮೂರನೇ ಪೀರಿಯಡ್ಡು.
ಹಲಗೆಯ ಮೇಲೆ ಅಂದಿನ ಪಾಠ: ಚಿಪ್ಪಿನ ಅಣುತೂಕ.
ಕ್ಯಾಲ್ಸಿಯಂ ಒಂದು, ಕಾರ್ಬನ್ ಒಂದು, ಆಕ್ಸಿಜನ್ ಮೂರು.
ನಲವತ್ತು, ಹನ್ನೆರಡು,
ಹದಿನಾರು ಮೂರ್ಲ ನಲವತ್ತೆಂಟು.
ಅಡಿಗೆರೆ ಎಳೆಯುವ ಮೊದಲೇ
ಕಿಟಕಿ ಪಕ್ಕದ ಬೆಂಚಿನಿಂದ ಕುಸುಮಾ ಅಂಬಿಗ:
"ನೂರು, ಅಕ್ಕೋರೇ."

ನೂರು ಅವಳಿಗೆ ಲೆಕ್ಕವಲ್ಲ, ಕೈಯ ರೂಢಿ.
ಐಗಳಕುರ್ವೆಯ ಕಡೆ ಹೊಳೆ ಇಳಿದಾಗ
ಅವ್ವಿ ಬೀರಮ್ಮ ಸೊಂಟಮಟ ನೀರಲ್ಲಿ ನಿಂತು
ಕಾಲ್ಬೆರಳಲ್ಲೇ ತಳ ತಡಕುತ್ತಾಳೆ,
ಬಳಚು ತಾಗಿದರೆ ಬುಟ್ಟಿಗೆ.
ಪೇಟೆಯಲ್ಲಿ ನೂರರ ಲೆಕ್ಕ,
ಹಿಡಿಗೆ ಐದು, ಇಪ್ಪತ್ತು ಹಿಡಿ,
ಕೊನೆಗೆ ಕೊಸರು, ನಾಲ್ಕೋ ಐದೋ.
ಕೊಸರಿಲ್ಲದ ನೂರು ನೂರಲ್ಲ,
ತೊಂಬತ್ತೊಂಬತ್ತರ ಅಕ್ಕ, ಅಷ್ಟೇ.

"ಇದಕ್ಕೆ ಕೊಸರಿಲ್ವಾ ಅಕ್ಕೋರೇ?"

ಇಡೀ ಕ್ಲಾಸು ನಕ್ಕಿತು.
ನಾನು ಪುಸ್ತಕದ ಕೊನೆಯ ಕೋಷ್ಟಕ ತೆರೆದೆ,
ಪರೀಕ್ಷೆಗೆ ಬೇಡವೆಂದು
ಹದಿನೆಂಟು ವರ್ಷ ಮಕ್ಕಳಿಂದ ಮುಚ್ಚಿಟ್ಟದ್ದು.
ಕ್ಯಾಲ್ಸಿಯಂ ಧಾರಾಳಿ, ನಲವತ್ತರ ಮೇಲೆ ಬಿಂದು ಸೊನ್ನೆ ಏಳು ಎಂಟು.
ಕಾರ್ಬನ್ನು ಹನ್ನೆರಡು ತೂಗಿ ಮೇಲೊಂದು ಚಿಟಿಕೆ ಉದುರಿಸುತ್ತದೆ.
ಆಕ್ಸಿಜನ್ನು ಮಾತ್ರ ಜಿಪುಣ:
ಹದಿನಾರಕ್ಕೆ ಸಾವಿರದಲ್ಲೊಂದು ಪಾಲು ಕಡಿಮೆ,
ಮೂರು ಸಲ ತೂಗಿದರೆ ಮೂರು ಸಲವೂ ಕಡಿಮೆ.
ಎಲ್ಲ ಕೂಡಿದರೆ
ನೂರು ಬಿಂದು ಸೊನ್ನೆ ಎಂಟು ಆರು.

"ಇದೆ" ಅಂದೆ. "ಒಂದು ಬಳಚಿನ ಹನ್ನೆರಡನೇ ಪಾಲು."
ಕುಸುಮಾ ಹುಬ್ಬೇರಿಸಿದಳು:
"ಇಷ್ಟೇ ಕೊಟ್ರೆ ನಮ್ಮವ್ವಿ ಹತ್ರ ಗಿರಾಕಿ ನಿಲ್ಲೂದಿಲ್ಲ."

ಮಾರಿ ಉಳಿದದ್ದನ್ನು ಬೇಯಿಸಿ ಬಿಡಿಸಿದರೆ
ಚಿಪ್ಪೆಲ್ಲ ಹೊಳೆಯಾಚೆಯ ಭಟ್ಟಿಗೆ.
ಭಟ್ಟಿಯ ಧನಿ ದುಡ್ಡೆಣಿಸುವುದು
ಬೆಂದ ಸುಣ್ಣದ ತೂಕಕ್ಕೆ.
ನೂರು ಕಿಲೋ ಒಳಗೆ ಹೋದದ್ದು
ಐವತ್ತೈದಾಗಿ ಹೊರಬಿದ್ದರೆ
"ಉಳಿದದ್ದು ನಿನ್ನ ಕೆಸರು ಬೀರಮ್ಮಾ,
ತೊಳೆದು ತರೂಕೆ ಎಂತಾ ಧಾಡಿ?"
ಅವ್ವಿ ಎರಡು ಸಲ ತೊಳೆದಳು. ಆಮೇಲೆ ಮೂರು ಸಲ,
ಬೆರಳ ಸಂದಿ ಬಿರಿಯುವ ತನಕ.
ಹನ್ನೊಂದು ವರ್ಷ ತೊಳೆದಳು.

ಇದ್ಯಾವುದೂ ಗೊತ್ತಿಲ್ಲದೆ ನಾನು ಪಾಠ ಮುಂದೆ ಓಡಿಸಿದ್ದೆ:
ಸುಟ್ಟರೆ ಚಿಪ್ಪು ಎರಡು ಪಾಲಾಗುತ್ತದೆ,
ಐವತ್ತಾರು ಸುಣ್ಣವಾಗಿ ಕೆಳಗೆ ಕೂರುತ್ತದೆ,
ನಲವತ್ತನಾಲ್ಕು ಹೊಗೆಕಂಡಿಯಿಂದ ಎದ್ದುಹೋಗುತ್ತದೆ,
ಬಣ್ಣವಿಲ್ಲದೆ, ಹೇಳದೆ.
ಕುಸುಮಾಳ ಪೆನ್ನು ನಿಂತಿತು.
ನೋಟುಬುಕ್ಕಿನ ಅಂಚಿನಲ್ಲಿ
ಕಳೆದಳು, ಕೂಡಿಸಿದಳು, ಇನ್ನೊಮ್ಮೆ ಕಳೆದಳು.

ಭಾನುವಾರ ದೋಣಿ ಹತ್ತಿ ಹೋದಳಂತೆ,
ನೋಟುಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು.
ಧನಿ ಕನ್ನಡಕ ಹಾಕಿ ಓದಿದನಂತೆ,
ಕೂಡಿಸಿದ್ದು ಸರಿಯೆಂದು ಒಪ್ಪಿದನಂತೆ,
ಆಮೇಲೆ ಕೇಳಿದನಂತೆ:
"ಹಾಗಾದ್ರೆ ನಾನು ಹವೆಗೂ ದುಡ್ಡು ಕೊಡೂದಾ?"
ಅವ್ವಿ ದೋಣಿಯಿಂದ ಇಳಿದಿರಲಿಲ್ಲ.
ಕೂತಲ್ಲಿಂದಲೇ ಅಂದಳಂತೆ:
"ಹವೆಗೆ ಬೇಡ.
ಕೆಸರು ಅಂದ ಮಾತು ಹಿಂದೆ ತಕಳಿ."

ತಕಂಡನೋ ಇಲ್ಲವೋ, ಕುಸುಮಾ ಹೇಳಲಿಲ್ಲ.

ಮೊನ್ನೆ ನಮ್ಮ ಲ್ಯಾಬಿಗೆ ಸುಣ್ಣ ಬಳಿದರು, ಅದೇ ಭಟ್ಟಿಯದು.
ಒರಗಿದರೆ ಸೀರೆಗೆಲ್ಲ ಬಿಳಿ.
ಹೋದ ನಲವತ್ತನಾಲ್ಕನ್ನು ಗೋಡೆ
ಗಾಳಿಯಿಂದ ವಸೂಲು ಮಾಡುತ್ತಿದೆ,
ಇವತ್ತು ಚೂರು, ನಾಳೆ ಚೂರು,
ಮಕ್ಕಳ ಉಸಿರಿನಿಂದಲೂ ಸ್ವಲ್ಪ.
ಪೂರ್ತಿ ಚಿಪ್ಪಾಗಲು ಎಷ್ಟು ವರ್ಷ ಬೇಕೋ,
ನನ್ನ ನಿವೃತ್ತಿಯೊಳಗೆ ಆಗಲಿಕ್ಕಿಲ್ಲ.

ಸಂಜೆ ಪೇಟೆಯಲ್ಲಿ ಬೀರಮ್ಮ.
ಇಪ್ಪತ್ತು ಹಿಡಿ ಎಣಿಸಿ, ಮುಖ ನೋಡಿ,
"ಅಕ್ಕೋರಿಗೆ" ಎಂದು ಒಂಬತ್ತು ಕೊಸರು ಹಾಕಿದಳು.
ಮನೆಯಲ್ಲಿ ಸಾರಿಗಿಟ್ಟೆ.
ಎಲ್ಲವೂ ಬಾಯಿ ತೆರೆದವು, ಒಂದರ ಹೊರತು.
ಪಾತ್ರೆಯಲ್ಲೇ ಚಮಚದ ತುದಿಯಿಂದ ಮೀಟಿದೆ.
ಬುಳಕ್ಕನೆ
ಹೊಳೆಯ ಕಪ್ಪು ಕೆಸರು.

ಒಬ್ಬಳೇ ನಕ್ಕೆ.
ಸಾರು ಅರ್ಧ ಚೆಲ್ಲಬೇಕಾಯಿತು.